ಸದ್ದು ಮಾಡದ ಪಟ್ಟಿ

ಕೆಡುವ ಮುನ್ನ ಸೂಚನೆ ಕೊಡುವ ವಸ್ತುಗಳೊಡನೆ ಬಾಳುವುದು ಸುಲಭ. ಬಂಡಿಯ ಅಚ್ಚಿಗೆ ಎಣ್ಣೆ ಒಣಗಿದರೆ ಅದು ಕಿರುಗುಟ್ಟಿ ಒಡೆಯನ ಸೋಮಾರಿತನವನ್ನು ಊರಿಗೆಲ್ಲ ಸಾರುತ್ತದೆ. ಮಾಳಿಗೆಯ ಮಣ್ಣು ಸಡಿಲಾದರೆ ಮೊದಲ ಮಳೆಗೆ ನಾಲ್ಕು ಹನಿ ತೊಟ್ಟಿಕ್ಕಿ ನಮ್ಮನ್ನು ಎಚ್ಚರಿಸುತ್ತದೆ. ಕೈಕೊಡುವುದಕ್ಕೆ ಮೊದಲು ಇವು ತಮ್ಮ ಭಾಷೆಯಲ್ಲಿ ಒಂದು ಮಾತು ಹೇಳಿಯೇ ಹೇಳುತ್ತವೆ. ಆದರೆ ಕೊನೆಯ ಗಳಿಗೆಯವರೆಗೂ ಸುಮ್ಮನಿದ್ದು ಒಮ್ಮೆಲೇ ಹರಿದುಹೋಗುವ ವಸ್ತುಗಳೂ ಇವೆ. ಕಾರಿನ ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದೊಳಗೆ ಅಡಗಿ ಕುಳಿತಿರುವ ಹಲ್ಲುಳ್ಳ ರಬ್ಬರ್ ಪಟ್ಟಿ ಅಂಥದು. ಟೈಮಿಂಗ್ ಬೆಲ್ಟ್ ಎಂದು ಅದರ ಹೆಸರು.

ಈ ಪಟ್ಟಿಯ ಕೆಲಸವೇನೆಂದು ತಿಳಿಯಲು ಎಂಜಿನ್ನು ಉಸಿರಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಪಿಸ್ಟನ್ನು ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲು ಒಳಗೆ ಬರುತ್ತವೆ. ಅದು ಮೇಲೇರುವಾಗ ಅವು ಒತ್ತಲ್ಪಡುತ್ತವೆ. ಕಿಡಿ ಹಾರಿದೊಡನೆ ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮತ್ತೆ ಮೇಲೇರುವಾಗ ಹೊಗೆ ಹೊರಬೀಳುತ್ತದೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ನಡೆಸಿ ತೋರಿಸಿದ ಈ ನಾಲ್ಕು ಹೆಜ್ಜೆಗಳ ಕುಣಿತ ಇಂದಿಗೂ ಬದಲಾಗಿಲ್ಲ. ಗಾಳಿ ಬರುವ ಬಾಗಿಲೂ ಹೊಗೆ ಹೋಗುವ ಬಾಗಿಲೂ ತಕ್ಕ ಗಳಿಗೆಗೆ ತೆರೆದು ಮುಚ್ಚಬೇಕು. ಈ ಬಾಗಿಲುಗಳೇ ವಾಲ್ವುಗಳು. ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವುಗಳನ್ನು ಒತ್ತುವ ಮೇಲಿನ ಕ್ಯಾಮ್ ದಂಡ ಸರಿಯಾಗಿ ಒಂದು ಸುತ್ತು ತಿರುಗಬೇಕು. ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಮೇಲಿನ ದಂಡಕ್ಕೂ ಕೆಳಗಿನ ದಂಡಕ್ಕೂ ಇರುವ ಈ ಒಪ್ಪಂದವನ್ನು ಕಾಯುವುದು ಹೆಬ್ಬೆರಳಷ್ಟು ಅಗಲದ ಆ ಪಟ್ಟಿ.

ಹಿಂದೆ ಈ ಕೆಲಸಕ್ಕೆ ಕಬ್ಬಿಣದ ಸರಪಳಿ ಇತ್ತು. ಹಲವು ಕಾರುಗಳಲ್ಲಿ ಈಗಲೂ ಇದೆ. ಹಲ್ಲಿನ ರಬ್ಬರ್ ಪಟ್ಟಿ ಹುಟ್ಟಿದ್ದು 1940ರ ದಶಕದ ಅಮೆರಿಕದಲ್ಲಿ, ಅದೂ ಹೊಲಿಗೆ ಯಂತ್ರಕ್ಕಾಗಿ. ಅದನ್ನು ಕಾರಿನ ಎಂಜಿನ್ನಿಗೆ ತೊಡಿಸಿ ಮಾರಾಟಕ್ಕೆ ತಂದವರಲ್ಲಿ ಮೊದಲಿಗರು ಜರ್ಮನಿಯ ಗ್ಲಾಸ್ ಕಂಪನಿಯವರು. ಅವರ 1004 ಎಂಬ ಕಾರು ಬಂದದ್ದು 1962ರಲ್ಲಿ. ಆ ಕಂಪನಿ ಮೊದಮೊದಲು ಬಿತ್ತನೆಯ ಯಂತ್ರಗಳನ್ನು ಮಾಡುತ್ತಿತ್ತೆಂದು ಓದಿದಾಗ, ಕೂರಿಗೆ ಹೂಡುವ ನಾಡಿನವನಾದ ನನಗೆ ಅದರ ಮೇಲೆ ವಿಶೇಷವಾದ ಪ್ರೀತಿ ಹುಟ್ಟಿತು. 1966ರಲ್ಲಿ ಇಟಲಿಯ ಫಿಯಟ್ 124 ಸ್ಪೋರ್ಟ್ ಸ್ಪೈಡರ್ ಎಂಬ ಎರಡು ಬಾಗಿಲಿನ ಓಟದ ಕಾರಿಗೂ ಇಂಥದೇ ಪಟ್ಟಿ ಬಂದಿತು. ಅದರ ಎಂಜಿನ್ನನ್ನು ರೂಪಿಸಿದವರು ಹಿಂದೆ ಫೆರಾರಿಯಲ್ಲಿ ದುಡಿದಿದ್ದ ಅವುರೇಲಿಯೊ ಲಂಪ್ರೇದಿ. ರಬ್ಬರ್ ಪಟ್ಟಿಗೆ ಎಣ್ಣೆ ಬೇಡ, ಅದರ ತೂಕ ಕಡಿಮೆ, ಬೆಲೆ ಕಡಿಮೆ, ಸದ್ದಂತೂ ಇಲ್ಲವೇ ಇಲ್ಲ. ಎಲ್ಲರೂ ಮೆಚ್ಚಿದ್ದು ಈ ಮೌನವನ್ನು. ನನಗೆ ಭಯ ತರುವುದೂ ಅದೇ. ಸವೆದ ಸರಪಳಿ ಗಲಗಲ ಸದ್ದು ಮಾಡಿ ದೂರು ಹೇಳುತ್ತದೆ, ಪಟ್ಟಿ ಹೇಳುವುದಿಲ್ಲ. 1982ರಲ್ಲಿ ಬಂದ ಪೋರ್ಷೆ 944ರಂಥ ಕಾರುಗಳಲ್ಲಿ ಪಟ್ಟಿ ಹರಿದರೆ, ತೆರೆದುಕೊಂಡೇ ನಿಂತ ವಾಲ್ವಿಗೆ ಮೇಲೇರುವ ಪಿಸ್ಟನ್ನು ಡಿಕ್ಕಿ ಹೊಡೆಯುತ್ತದೆ. ವಾಲ್ವು ಬಾಗುತ್ತದೆ, ಎಂಜಿನ್ನು ಹಾಳಾಗುತ್ತದೆ. ಎಲ್ಲ ಎಂಜಿನ್ನುಗಳಲ್ಲೂ ಡಿಕ್ಕಿ ಆಗಲೇಬೇಕೆಂದಿಲ್ಲ. ಆದರೆ ಕಾರು ನಿಂತಲ್ಲಿಯೇ ನಿಲ್ಲುವುದಂತೂ ನಿಶ್ಚಯ.

ಮಸ್ಕಿಯಲ್ಲಿ ಪೋರ್ಷೆ ಎಲ್ಲಿಂದ ಬರಬೇಕು? ನಮ್ಮ ಅಂಗಳದ ಬೇವಿನ ಮರದ ಕೆಳಗೆ ನಿಲ್ಲುವುದು ಇಪ್ಪತ್ತು ವರ್ಷ ದಾಟಿದ ಒಂದು ಮಾರುತಿ 800. ಮೂರು ಸಿಲಿಂಡರು, 796 ಸಿ.ಸಿ. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಲ್ಲುವವರೆಗೆ, ಈ ದೇಶದ ಎಷ್ಟೋ ಮನೆಗಳಿಗೆ ಮೊದಲನೆಯ ಕಾರಾಗಿ ಬಂದ ಜಾತಿಯದು. ಅದರೊಳಗೂ ಅದೇ ಹಲ್ಲಿನ ಪಟ್ಟಿ ಇದೆ. ಇದನ್ನು ನಾವು ಕೊಂಡದ್ದು ಮತ್ತೊಬ್ಬರಿಂದ. ಅವರಿಗೆ ಮುಂಚೆ ಇನ್ನೊಬ್ಬರಿದ್ದರು. ಪಟ್ಟಿಯನ್ನು ಯಾವಾಗ ಬದಲಿಸಿದ್ದೆಂದು ಹೇಳುವ ಚೀಟಿ ಯಾರ ಬಳಿಯೂ ಇರಲಿಲ್ಲ. ಕಿಲೋಮೀಟರು ತೋರಿಸುವ ಮುಳ್ಳು ಎಂದೋ ಮಲಗಿತ್ತು. ಇಷ್ಟು ಕಿಲೋಮೀಟರು ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅಷ್ಟಕ್ಕೆ ಪಟ್ಟಿಯನ್ನು ಬದಲಿಸಬೇಕೆಂದು ಕೈಪಿಡಿಗಳು ಹೇಳುತ್ತವೆ. ಎರಡೂ ಲೆಕ್ಕಗಳು ಕಳೆದುಹೋದ ಕಾರಿಗೆ ಏನು ಹೇಳಬೇಕು? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಬಿಸಿಲು ರಬ್ಬರಿಗೆ ಮಿತ್ರನಲ್ಲ.

ಕಾರು ಹೊಲಕ್ಕೋ ಸಂತೆಗೋ ಹೋಗುವುದಷ್ಟೇ ಆಗಿದ್ದರೆ ನಾನು ಇಷ್ಟು ಚಿಂತಿಸುತ್ತಿರಲಿಲ್ಲ. ಆದರೆ ಅಪ್ಪನಿಗೆ ಎದೆಯ ಬೇನೆ. ಎರಡು ಸಲ ನಡುರಾತ್ರಿಯಲ್ಲಿ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸಿಂಧನೂರಿಗೆ ಓಡಿದ್ದುಂಟು. ಆ ಹೊತ್ತಿನಲ್ಲಿ ರಸ್ತೆಯ ಎರಡೂ ಕಡೆ ಕತ್ತಲು. ಕಾಲುವೆ ನೀರಿನ ಗದ್ದೆಗಳಲ್ಲಿ ಕಪ್ಪೆಗಳ ಕೂಗು. ಅಪರೂಪಕ್ಕೊಂದು ಲಾರಿಯ ಬೆಳಕು. ಎರಡನೆಯ ಸಲ ಹೋಗುವಾಗ ಪೂರ್ತಿ ದಾರಿ ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲೆಯೇ ಇತ್ತು. ಅದು ಚೆನ್ನಾಗಿಯೇ ಓಡುತ್ತಿತ್ತು. ಚೆನ್ನಾಗಿ ಓಡುತ್ತಿದೆ ಎಂಬುದರಿಂದ ಈ ಪಟ್ಟಿಯ ವಿಷಯದಲ್ಲಿ ಏನೂ ತಿಳಿಯುವುದಿಲ್ಲ ಎಂಬುದೇ ನನ್ನನ್ನು ಕಾಡಿತು.

ಹೊಸ ಪಟ್ಟಿಯನ್ನೂ ಅದನ್ನು ಬಿಗಿಹಿಡಿಯುವ ಟೆನ್ಷನರ್ ಗಾಲಿಯನ್ನೂ ತರಿಸಿದಾಗ ಅವ್ವ ಆಕ್ಷೇಪಿಸಿದಳು. “ಚೊಲೊ ಇದ್ದದ್ದನ್ನ ಬಿಚ್ಚಿ ಒಗೀತೀನಿ ಅಂತೀಯಲ್ಲ, ರೊಕ್ಕ ಹೆಚ್ಚಾಗೇತೇನು ನಿನಗ?” ಎಂದಳು. ಇದು ಜಿಪುಣತನದ ಮಾತಲ್ಲ. ಹರಿದ ಸೀರೆ ಕೌದಿಯಾಗಿ, ಕೌದಿ ಹರಿದು ಒಲೆಯ ಮುಂದಿನ ಮಸಿಯರಿವೆಯಾಗಿ, ಕೊನೆಗೆ ಬೂದಿಯಾಗುವವರೆಗೆ ವಸ್ತುವಿನ ಋಣ ತೀರದೆಂದು ನಂಬಿದ ಮನೆಯ ಮಾತು ಅದು. ನನಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಹೊರಸಿನ ಮೇಲೆ ಕುಳಿತಿದ್ದ ಅಪ್ಪ: “ಕಪಿಲೆ ಮಿಣಿ ಹರಿದು, ಎತ್ತು ಮುಗ್ಗರಿಸಿ ಬಿದ್ದ ಮ್ಯಾಲೆ ಬದಲು ಮಾಡ್ತಿದ್ವೇನು?”

ಕಪಿಲೆಯ ಬಾವಿಯನ್ನು ಇಂದಿನ ಹುಡುಗರು ಕಂಡಿರಲಾರರು. ತೊಗಲಿನ ದೊಡ್ಡ ಚೀಲವನ್ನು ಬಾವಿಗಿಳಿಸಿ, ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ, ತುಂಬಿದ ಚೀಲವನ್ನು ಮಿಣಿಯಿಂದ ಮೇಲಕ್ಕೆಳೆಯುತ್ತಿದ್ದರು. ಹೊಡೆಯುವವನು ಬಿಗಿದ ಮಿಣಿಯ ಮೇಲೆಯೇ ಕುಳಿತು ಎತ್ತುಗಳೊಡನೆ ಇಳಿಯುತ್ತಿದ್ದ. ಮಿಣಿ ಹರಿದರೆ ಚೀಲ ಬಾವಿಗೆ, ಎತ್ತು ನೆಲಕ್ಕೆ, ಮನುಷ್ಯ ಎತ್ತಿನ ಕಾಲಿಗೆ. ಆದ್ದರಿಂದ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಹಂಗಾಮು ತುಂಬಿದ ಮಿಣಿಯನ್ನು ತೆಗೆದುಬಿಡುತ್ತಿದ್ದರಂತೆ. ಅವ್ವ ಮತ್ತೆ ಮಾತಾಡಲಿಲ್ಲ, ಒಪ್ಪಿದಳೆಂದು ಹೇಳಲಾರೆ.

ಭಾನುವಾರ ಬೆಳಗಿನ ತಂಪಿನಲ್ಲಿ ಕೆಲಸಕ್ಕೆ ತೊಡಗಿದೆ. ಬ್ಯಾಟರಿಯ ತಂತಿ ಬಿಚ್ಚಿ, ಮುಂದಿನ ಚಕ್ರವನ್ನು ಜಾಕಿನಿಂದೆತ್ತಿ, ಜಾಕನ್ನಷ್ಟೇ ನಂಬದೆ ಗಟ್ಟಿಯಾದ ಮರದ ದಿಮ್ಮಿಯನ್ನು ಕೆಳಗೆ ಕೊಟ್ಟೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದರೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಹಗುರ. ಆಮೇಲೆ ಫ್ಯಾನ್ ಬೆಲ್ಟು, ಕೆಳಗಿನ ಪುಲ್ಲಿ, ಮುಚ್ಚಳದ ಬೋಲ್ಟುಗಳು. ಒಂದೊಂದಕ್ಕೂ ಒಂದೊಂದು ಪಾನಾ, ಒಂದೊಂದು ಬಗೆಯ ಮೊಂಡುತನ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲಿಯೇ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟೆ.

ಮುಚ್ಚಳ ಬಂದ ಮೇಲೆ ನಿಜವಾದ ಕೆಲಸ. ಪುಲ್ಲಿಗಳ ಮೇಲೆ ಕಾರ್ಖಾನೆಯವರು ಕೊರೆದ ಸಣ್ಣ ಗುರುತುಗಳಿವೆ. ಎಂಜಿನ್ನಿನ ಮೈಮೇಲೂ ಅವಕ್ಕೆ ಜೋಡಿ ಗುರುತುಗಳಿವೆ. ಪುಲ್ಲಿಯ ಚುಕ್ಕೆ ಎಂಜಿನ್ನಿನ ಗೀಟಿಗೆ ಎದುರಾಗಿ ನಿಲ್ಲಬೇಕು, ಮೇಲೂ ಕೆಳಗೂ ಏಕಕಾಲಕ್ಕೆ. ಇಪ್ಪತ್ತು ವರ್ಷಗಳ ಎಣ್ಣೆಯೂ ಕರಿಮಣ್ಣಿನ ಧೂಳೂ ಸೇರಿ ಅವನ್ನು ಮುಚ್ಚಿಬಿಟ್ಟಿದ್ದವು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತ ಒರೆಸುತ್ತ ಒಂದು ಚುಕ್ಕೆ ಕಂಡಾಗ ನಮ್ಮೂರ ಬೆಟ್ಟದ ಬಂಡೆ ನೆನಪಾಯಿತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರು ಅಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಆ ಬಂಡೆಯಿಂದ ಲೋಕಕ್ಕೆ ನಿಶ್ಚಯವಾಯಿತು. ನನಗೆ ಸಿಕ್ಕಿದ್ದು ಒಂದೇ ಚುಕ್ಕೆ. ಆದರೂ ಅಂದಿನ ಮಟ್ಟಿಗೆ ನನ್ನ ಸಂತೋಷ ಕಡಿಮೆಯದಾಗಿರಲಿಲ್ಲ.

ಗುರುತುಗಳನ್ನು ಕೂಡಿಸಿ, ಟೆನ್ಷನರನ್ನು ಸಡಿಲಿಸಿ, ಹಳೆಯ ಪಟ್ಟಿಯನ್ನು ಜಾರಿಸಿದೆ. ಇನ್ನು ಎರಡು ದಂಡಗಳಲ್ಲಿ ಯಾವುದೂ ಅಲುಗಬಾರದು. ಹೊಸ ಪಟ್ಟಿಯ ಒಳಗೆ ಗಾಜಿನ ನಾರಿನ ಎಳೆಗಳಿರುತ್ತವೆ; ಮಡಿಚಿದರೆ ಅವು ಮುರಿಯುತ್ತವೆ. ಆದಕಾರಣ ಅದನ್ನು ಹಸುಗೂಸಿನಂತೆ ಎತ್ತಿಕೊಳ್ಳಬೇಕು. ಅದನ್ನು ಕೆಳಗಿನ ಹಲ್ಲಿಗೆ ಕೂಡಿಸಿ, ಎಳೆಯುವ ಬದಿಯನ್ನು ಬಿಗಿಯಾಗಿರಿಸಿ, ಸಡಿಲವೆಲ್ಲ ಟೆನ್ಷನರಿನ ಕಡೆಗೆ ಉಳಿಯುವಂತೆ ಮೇಲಿನ ಪುಲ್ಲಿಗೆ ತೊಡಿಸಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ನು ತಪ್ಪು ಗಳಿಗೆಯಲ್ಲಿ ಉಸಿರಾಡತೊಡಗುತ್ತದೆ.

ಅಷ್ಟರಲ್ಲಿ ಬೀದಿಯಾಚೆಯ ಟ್ರ್ಯಾಕ್ಟರ್ ಮಿಸ್ತ್ರಿ ಬಂದು ನಿಂತರು. ನಾನು ಚಾಚಾ ಎಂದು ಕರೆಯುವ ಹಿರಿಯರು. ಪಾನಾ ಮುಟ್ಟಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡಿದರು. “ಚಾವಿ ಹಚ್ಚಾಕ ಅವಸರ ಮಾಡಬ್ಯಾಡ್ರಿ ಮಾಸ್ತರ್. ಮೊದಲ ಕೈಲೆ ಎರಡು ಸುತ್ತು ತಿರುವ್ರಿ. ಏನರ ತಟ್ಟಿದ್ರ ಕೈಗೆ ತಿಳೀತದ” ಎಂದರು. ಕ್ರ್ಯಾಂಕನ್ನು ಪಾನಾದಿಂದ ಮೆಲ್ಲಗೆ ತಿರುಗಿಸಿದೆ. ಎಲ್ಲಿಯೂ ತಟ್ಟಲಿಲ್ಲ. ಎರಡು ಸುತ್ತು ತುಂಬಿದಾಗ ಮೇಲಿನ ಚುಕ್ಕೆಯೂ ಕೆಳಗಿನ ಚುಕ್ಕೆಯೂ ತಮ್ಮ ತಮ್ಮ ಗೀಟಿಗೆ ಬಂದು ನಿಂತವು. ಚಾಚಾ ಬಗ್ಗಿ ನೋಡಿ ತಲೆಯಾಡಿಸಿ ಚಹಾ ಕುಡಿದು ಹೋದರು. ಟೆನ್ಷನರನ್ನು ಬಿಗಿದು, ಬಿಚ್ಚಿದ್ದನ್ನು ಹಿಂದುಮುಂದಾಗಿ ತೊಡಿಸುವುದರಲ್ಲಿ ಮಧ್ಯಾಹ್ನವಾಯಿತು. ಚಾವಿ ತಿರುಗಿಸಿದೊಡನೆ ಎಂಜಿನ್ನು ಎದ್ದಿತು. ಮೊದಲಿನ ಸದ್ದಿಗೂ ಈಗಿನದಕ್ಕೂ ಕೂದಲೆಳೆಯಷ್ಟೂ ಭೇದವಿರಲಿಲ್ಲ.

ಹಳೆಯ ಪಟ್ಟಿಯನ್ನು ಬಿಸಿಲಿಗೆ ಹಿಡಿದು ಹಲ್ಲುಹಲ್ಲನ್ನೂ ಪರೀಕ್ಷಿಸಿದೆ. ಬೆನ್ನು ತುಸು ನುಣುಪಾಗಿ ಹೊಳೆಯುತ್ತಿತ್ತು. ಬಿರುಕಿಲ್ಲ; ಕಿತ್ತುಬಂದ ಎಳೆಯಿಲ್ಲ. ಇನ್ನೈದು ವರ್ಷ ಬಾಳುತ್ತಿತ್ತೋ, ಮುಂದಿನ ಅಮಾವಾಸ್ಯೆಗೇ ಹರಿಯುತ್ತಿತ್ತೋ, ಅದನ್ನು ನೋಡಿದ ಯಾರೂ ಹೇಳಲಾರರು. ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಕಡೆಗೆ ಜಗ್ಗಿ ನೋಡಿ, “ಗಟ್ಟಿ ಐತೆ” ಎಂದು ಮಾತ್ರ ಹೇಳಿದಳು. ಸಂಜೆ ನೋಡುತ್ತೇನೆ, ಅದನ್ನು ಮೂರು ಸುರುಳಿ ಸುತ್ತಿ, ಹಳೆಯ ಸೀರೆಯ ಅಂಚು ಬಿಗಿದು, ನೀರಿನ ಕೊಡದ ಕೆಳಗೆ ಸಿಂಬಿ ಮಾಡಿಟ್ಟಿದ್ದಳು.