ಕೆಂಪು ಕಾರು ಮತ್ತು ಅವ್ವನ ಮಂಡಿ

ಕೊನೆಗೂ ತಗೊಂಡೆ! ಕೆಂಪು ಬಣ್ಣ, ಎರಡೇ ಬಾಗಿಲು. ಮೆಕ್ಯಾನಿಕಲ್ ಓದಿ ಕೋಡ್ ಬರೆಯೋಕೆ ಕೂತವನಿಗೆ ಇಷ್ಟಾದ್ರೂ ಬೇಡ್ವೇ?

ಬೆಂಗಳೂರಿಂದ ಹಾಸನದವರೆಗೆ ಸ್ವರ್ಗ. ಮೂರು ಸಾವಿರ ಆರ್‌ಪಿಎಂ ದಾಟಿದ್ರೆ ಬೆನ್ನು ಸೀಟಿಗೆ ಅಂಟ್ಕೊಳ್ಳುತ್ತೆ. ಅದಕ್ಕಿಂತ ಕೆಳಗೆ ಮಾತ್ರ ಟರ್ಬೊಗೆ ನಿದ್ದೆ. ಏರಿನಲ್ಲಿ ಲಾರಿ ಹಿಂದೆ ಸಿಕ್ಕರೆ ಗೇರ್ ಇಳಿಸಿ ಇಳಿಸಿ ಸಾಕಾಗುತ್ತೆ. ಕ್ಲಚ್ ಬಿಗಿ. ಎಡ ಬಾಗಿಲೊಳಗೆ ಏನೋ ಕಟಕಟ, ಸರ್ವಿಸಿನವರ ಮುಂದೆ ಮಾತ್ರ ಗಪ್‌ಚುಪ್ (ಡೆವಲಪರ್ ಮುಂದೆ ಬಾರದ ಬಗ್ ಥರಾನೇ!).

ನಿಜವಾದ ಫಜೀತಿ ಪಾಳ್ಯದಲ್ಲಿ ಹೆದ್ದಾರಿ 75 (ನಮ್ಮೂರವರಿಗೆ ಇನ್ನೂ 48) ಬಿಟ್ಟ ಮೇಲೆ. ನೆಲದಿಂದ ಹೊಟ್ಟೆಗೆ ಬರೀ 130 ಮಿ.ಮೀ. ಮೊದಲ ಹಂಪ್‌ಗೇ ಕರ್ರ್ ಅಂತು, ಎದೆ ಧಸಕ್ ಅಂತು. ಈಗ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸೋದು ಕಲ್ತಿದ್ದೀನಿ. ತೋಟದ ದಾರಿಗೆ ಇಳಿಸೋ ಮಾತೇ ಇಲ್ಲ.

ಅವ್ವನಿಗೆ ಮಂಡಿನೋವು. ಸೀಟು ಪಾತಾಳದಲ್ಲಿದೆ. ಹೇಗೋ ಕೂತ್ಲು, ಸಕಲೇಶಪುರಕ್ಕೆ ಹೋಗಿ ಬಂದ್ವಿ. ಇಳಿಯುವಾಗ ಎರಡೂ ಕೈ ಹಿಡಿದು ಎಬ್ಬಿಸಬೇಕಾಯ್ತು.

"ಚೆನ್ನಾಗೈತೆ ಕಣಪ್ಪ. ಇನ್ನೊಂದ್ಸಲ ಬಸ್ಸಲ್ಲೇ ಬರ್ತೀನಿ" ಅಂದ್ಲು.

ಅವಳು ಆರಾಮಾಗಿ ಹತ್ತಿ ಇಳೀತಿದ್ದ ಹಳೇ ಕಾರು ಮಾರಿಯೇ ಇದನ್ನ ತಗೊಂಡಿದ್ದು. ಮುಂದಿನ ತಿಂಗಳು ಹಾಸನಕ್ಕೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಸೀಟು ಎತ್ತರಿಸೋ ಉಪಾಯ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಪ್ಲೀಸ್...