ಮನೆತನದ ಬೇರು ಹುಡುಕುವವರಿಗೆ

ಮುತ್ತಜ್ಜನ ಅಪ್ಪನ ಹೆಸರೇನು ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತೇವೆ. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳ ಆ ಲೆಕ್ಕ ಹೆಳವರ ಹತ್ತಿರ ಇದೆ. ಸುಗ್ಗಿ ಮುಗಿದ ಮೇಲೆ ಬಂದು, ಕಟ್ಟೆ ಮೇಲೆ ಕೂತು, ಮೂಲಪುರುಷನಿಂದ ಹಿಡಿದು ತಲೆಮಾರುಗಳನ್ನು ಒಂದೇ ಸಮ ಹೇಳಿಕೊಂಡು ಹೋಗುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ಅವರು ಈ ಸಲ ಬಂದಾಗ ಮನೆಯವರ ಒಪ್ಪಿಗೆ, ಅವರ ಒಪ್ಪಿಗೆ ಎರಡೂ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಹೆಳವರು ಬಾರದ ಊರಿನವರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬಹುದು. ಕೈಬರಹದ ಹಳೆ ಪಹಣಿ, ಅದರಲ್ಲೂ ಪೌತಿ ಖಾತೆಯ ಕಾಗದ ಸಿಕ್ಕರೆ ವಾರಸುದಾರರ ಹೆಸರು ಸಾಲಾಗಿ ಕಾಣುತ್ತವೆ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಕೆಲವು ಹಳೆ ದಾಖಲೆಗಳು ಮೋಡಿ ಲಿಪಿಯಲ್ಲಿರುತ್ತವೆ. ಆ ಲಿಪಿ ಕಲಿತರೆ ಊರಿಗೆಲ್ಲ ಉಪಕಾರ.

ಇನ್ನೂ ಹಿಂದಕ್ಕೆ ಹೋಗಬೇಕೆ? ಬಿ.ಎಲ್. ರೈಸ್ ಶುರುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮೂರ ವೀರಗಲ್ಲಿನ ಪಾಠ ಅಲ್ಲಿದ್ದರೂ ಇರಬಹುದು.

ಆದರೆ ಇವುಗಳಲ್ಲಿ ಹೆಚ್ಚಿನವು ಗಂಡಸರ ಸಾಲು. ಅಜ್ಜಿಯ ತವರು, ಅಜ್ಜಿಯ ಅಮ್ಮನ ತವರು ಗೊತ್ತಾಗಬೇಕಾದರೆ ಅಜ್ಜಿಯನ್ನೇ ಕೇಳಬೇಕು. ಕಚೇರಿಯ ಕಾಗದ ಮುಂದಿನ ವರ್ಷವೂ ಸಿಕ್ಕೀತು. ಅಜ್ಜಿಗೆ ಮೊದಲು ಫೋನ್ ಮಾಡಿ.