ಕಬ್ಬನ್ ಪಾರ್ಕಿನ ಅರ್ಧ ರೊಟ್ಟಿ

ಹೈಕೋರ್ಟಿನಿಂದ ಹೊರಬಂದ ಎಷ್ಟೋ ಜನ ನೇರ ಬಸ್‌ಸ್ಟಾಪಿಗೆ ಹೋಗುವುದಿಲ್ಲ. ಅಲ್ಲೇ ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಪಕ್ಕ ಕೂತು ಬುತ್ತಿ ಬಿಚ್ಚುತ್ತಾರೆ. ಇವತ್ತೊಬ್ಬರು ಅಜ್ಜ, ಮಡಿಲಲ್ಲಿ ಕೇಸಿನ ಕಾಗದದ ಚೀಲ, ರಾಗಿರೊಟ್ಟಿ ಅರ್ಧ ಮುರಿದು ನನಗೂ ಕೊಟ್ಟರು. 'ತಗಳಪ್ಪ, ಇಲ್ಲಿ ತಣ್ಣಗೈತೆ' ಅಂದರು. ಹುಚ್ಚೆಳ್ಳು ಚಟ್ನಿ ಬೇರೆ!

1870ರಲ್ಲಿ ಎಂಜಿನಿಯರ್ ಸ್ಯಾಂಕಿ ರೂಪಿಸಿದಾಗ ಈ ಪಾರ್ಕಿನ ಹೆಸರು ಮೀಡ್ಸ್ ಪಾರ್ಕ್. 1927ರಿಂದ ಕಡತಗಳಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಜನ ಮಾತ್ರ ಕಬ್ಬನ್ ಪಾರ್ಕ್ ಅನ್ನುವುದನ್ನು ಬಿಡಲಿಲ್ಲ. ಇಷ್ಟು ದೊಡ್ಡ ಊರಿನ ನಟ್ಟನಡುವೆ ಕಾಸು ಕೊಡದೆ, ಯಾರ ಅಪ್ಪಣೆಯೂ ಬೇಡದೆ ಸುಮ್ಮನೆ ಕೂರಬಹುದಾದ ಇಂಥ ನೆರಳು ಇನ್ನೆಲ್ಲಿದೆ? ಇದರ ಒಂದಡಿ ನೆಲವನ್ನೂ ನಾವು ಬಿಟ್ಟುಕೊಡಬಾರದು.

ಅಜ್ಜನ ಕೇಸಿಗೆ ಮತ್ತೆ ವಾಯಿದೆ ಬಿದ್ದಿದೆ. ಮುಂದಿನ ತಿಂಗಳೂ ಇಲ್ಲೇ ಕೂರುತ್ತಾರಂತೆ.